ಇಂಚಿನ ಲೆಕ್ಕ ಗೋಲ್ಡ್‌ಫಿಶ್‌ಗೆ ಹೊಂದುವುದಿಲ್ಲ

ಮನೆಯ ಗಾಜಿನ ತೊಟ್ಟಿಯಲ್ಲಿ ಎಷ್ಟು ಮೀನು ಸಾಕಬಹುದು ಎಂಬ ಬಗ್ಗೆ ಬಂದ ಲೇಖನದಲ್ಲಿರುವ ‘ಒಂದು ಇಂಚು ಮೀನಿಗೆ ನಾಲ್ಕು ಲೀಟರ್ ನೀರು’ ಎಂಬ ಲೆಕ್ಕ ಗಪ್ಪಿ, ನಿಯಾನ್ ಟೆಟ್ರಾದಂಥ ಸಣ್ಣ, ತೆಳು ಮೀನುಗಳಿಗೆ ಮಾತ್ರ ಸರಿ. ಆರು ಇಂಚಿನ ಗೋಲ್ಡ್‌ಫಿಶ್ ಒಂದಿಂಚಿನ ಆರು ಟೆಟ್ರಾಗಳಿಗೆ ಸಮವಲ್ಲ. ಉದ್ದ ಆರು ಪಟ್ಟಾದಾಗ ಮೈತೂಕ 200 ಪಟ್ಟು ದಾಟಿರುತ್ತದೆ, ನೀರಿಗೆ ಬಿಡುವ ವಿಷಕಾರಿ ತ್ಯಾಜ್ಯ ಅಮೋನಿಯಾ ಕೂಡ ವಿಪರೀತ. ಲೆಕ್ಕ ಹಾಕುವಾಗ ಅಂಗಡಿಯಲ್ಲಿ ಕಂಡ ಗಾತ್ರವನ್ನಲ್ಲ, ಪೂರ್ತಿ ಬೆಳೆದ ಗಾತ್ರವನ್ನು ಹಿಡಿಯಿರಿ. ಎರಡಿಂಚಿನ ಮರಿಯಾಗಿ ಮಾರುವ ಆಸ್ಕರ್ ಮೀನು ಒಂದಡಿ ಬೆಳೆಯುತ್ತದೆ!

ನೀರಿನ ಅಳತೆಯಲ್ಲೂ ಮೋಸ ಹೋಗುವುದುಂಟು. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಗೆ 56 ಲೀಟರ್ ಅನ್ನುತ್ತಾರೆ. ಜಲ್ಲಿ, ಮೇಲೆ ಬಿಟ್ಟ ಜಾಗ ಕಳೆದರೆ ಉಳಿಯುವುದು ಸುಮಾರು 45. ಹೊಸಬರಿಗೆ ಅದರಲ್ಲಿ ಏಳು ಗಂಡು ಗಪ್ಪಿ ಸಾಕು. ಹೆಣ್ಣು ಸೇರಿಸಿದರೆ ತಿಂಗಳಿಗೊಮ್ಮೆ ಹತ್ತಾರು ಮರಿ, ಎಲ್ಲ ಲೆಕ್ಕವೂ ತಲೆಕೆಳಗು.

ಏಳನ್ನೂ ಒಂದೇ ದಿನ ಬಿಡಬೇಡಿ. ಫಿಲ್ಟರಿನ ಸ್ಪಂಜಿನಲ್ಲಿ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಮೂರು ಮೀನು ಬಿಡಿ; ಎರಡು ವಾರ ಕಳೆದ ಮೇಲೆ ಮಿಕ್ಕವು. ಆ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆದರೆ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ; ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದ ಮೇಲೂ ನೈಟ್ರೇಟ್ 40 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 40 ಭಾಗ) ದಾಟುತ್ತಿದ್ದರೆ ಮೀನು ಹೆಚ್ಚಾಗಿವೆ, ಇಲ್ಲವೇ ಊಟ ಹೆಚ್ಚಾಗಿದೆ.