ತೂಕಡಿಸುವ ವೈಫೈ

ಚಾರ್ಜರ್ ಕಿತ್ತರೆ ಸಾಕು, ನನ್ನ ಲ್ಯಾಪ್‌ಟಾಪಿನ ವೈಫೈಗೆ ಜೊಂಪು ಹತ್ತುತ್ತದೆ. ದೂರದ ಸರ್ವರ್‌ನಲ್ಲಿ ಟೈಪ್ ಮಾಡುವಾಗ ಒಂದಕ್ಷರ ಅಳಿಸಲು ಬ್ಯಾಕ್‌ಸ್ಪೇಸ್ ಒತ್ತುತ್ತೇನೆ. ಏನೂ ಆಗುವುದಿಲ್ಲ. ಇನ್ನೊಮ್ಮೆ ಒತ್ತುತ್ತೇನೆ, ಮತ್ತೂ ಒತ್ತುತ್ತೇನೆ. ಆಮೇಲೆ ನೋಡಿದರೆ ಇಡೀ ಪದವೇ ಮಾಯ!

ದೂರು ಕೊಟ್ಟರೆ ಆಫೀಸಿನ ನೆಟ್‌ವರ್ಕ್ ಗೆಳೆಯ ಬಂದು ಸ್ಪೀಡ್ ಟೆಸ್ಟ್ ಓಡಿಸುತ್ತಾನೆ. ಮುಳ್ಳು ಬಲಕ್ಕೆ ಜಿಗಿಯುತ್ತದೆ. "ಚೆನ್ನಾಗೇ ಇದೆಯಲ್ಲೋ" ಎಂದು ನನ್ನನ್ನೇ ಅನುಮಾನದಿಂದ ನೋಡುತ್ತಾನೆ. ಅಪ್ಪನ ಹೆಜ್ಜೆ ಸದ್ದು ಕೇಳಿದ ತಕ್ಷಣ ಪುಸ್ತಕ ತೆರೆಯುವ ಮಗನ ಹಾಗೆ ಈ ವೈಫೈ. ಡೇಟಾ ಒಂದೇ ಸಮನೆ ಹರಿಯುತ್ತಿದ್ದರೆ ಅದು ಮಲಗುವುದೇ ಇಲ್ಲ. ಸೆಕೆಂಡಿಗೊಂದು ಪಿಂಗ್ ("ಇದ್ದೀಯಾ?" ಎಂದು ಕೇಳುವ ಪುಟ್ಟ ಸಂದೇಶ) ಕಳಿಸಿದರೆ ಉತ್ತರಕ್ಕೆ ನೂರು ಮಿಲಿಸೆಕೆಂಡ್ ದಾಟುತ್ತದೆ. ಎಡೆಬಿಡದೆ ಕಳಿಸಿದರೆ ಎರಡು ಮೂರರಲ್ಲೇ ಬರುತ್ತದೆ.

ಒಳಗೆ ನಡೆಯುವುದು ಇಷ್ಟೆ. ಬ್ಯಾಟರಿ ಉಳಿಸಲು ವೈಫೈ ರೇಡಿಯೊ ಆಗಾಗ ಮಲಗುತ್ತದೆ, ಇದಕ್ಕೇ ಪವರ್ ಸೇವಿಂಗ್ ಎನ್ನುವುದು. ಅದು ಮಲಗಿದಾಗ ಅದಕ್ಕೆ ಬಂದ ಡೇಟಾ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ರೂಟರ್ ತನ್ನ ಬಳಿ ಇಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಬೀಕನ್ ಕಳಿಸಿ, ಯಾರ್ಯಾರ ಡೇಟಾ ಬಂದಿದೆ ಎಂದು ಸಾರುತ್ತದೆ. (ಆ 2.4 ಸುಮ್ನೆ ಬಂದದ್ದಲ್ಲ, ಎಂಜಿನಿಯರುಗಳು ಇಲ್ಲಿ 1024 ಮೈಕ್ರೊಸೆಕೆಂಡಿನ ಲೆಕ್ಕ ಇಟ್ಟಿದ್ದಾರೆ, ಅಂಥ ನೂರು ಸೇರಿದರೆ 102.4 ಮಿಲಿಸೆಕೆಂಡ್.) ಬ್ಯಾಟರಿ ಉಳಿಸುವ ಆಸೆ ಜಾಸ್ತಿಯಾದ ಸಾಧನ ಒಂದೆರಡು ಬೀಕನ್‌ಗಳಿಗೂ ಕಿವಿಗೊಡುವುದಿಲ್ಲ. ಮೇಲ್ ಇಳಿಸುವುದಕ್ಕೆ ಇದೆಲ್ಲ ಲೆಕ್ಕಕ್ಕೇ ಇಲ್ಲ. ಒಂದೊಂದೇ ಅಕ್ಷರ ಕುಟ್ಟುವವನ ಪಾಡು ಮಾತ್ರ ಕೇಳಬೇಡಿ.

ಈ ಪವರ್ ಸೇವಿಂಗನ್ನು ಪೂರ್ತಿ ಆಫ್ ಮಾಡಬಹುದು. ಲಿನಕ್ಸ್‌ನ ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಆಫ್ ಮಾಡಲು 2 ಎಂದೂ ಆನ್ ಮಾಡಲು 3 ಎಂದೂ ಬರೆಯಬೇಕು. 0 ಮತ್ತು 1ಕ್ಕೆ ಬೇರೆ ಕೆಲಸ ಕೊಟ್ಟಿದ್ದಾರೆ, ಯಾಕೆಂದು ಕೇಳಬಾರದು. ಆದರೆ ಆಫ್ ಮಾಡಿದರೆ ರೇಡಿಯೊ ಕೆಲಸವಿಲ್ಲದಿದ್ದರೂ ಕಿವಿ ತೆರೆದು ಕೂತಿರುತ್ತದೆ, ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಹಾಗಾದರೆ ನಿನಗೆಷ್ಟು ಅವಸರ ಎಂದು ಆ್ಯಪ್‌ಗಳನ್ನೇ ಕೇಳಬಹುದು, ಅಲ್ವಾ? ಕೇಳಿದರೆ ಹವಾಮಾನದ ಆ್ಯಪ್ ಕೂಡ ಪ್ರಾಣ ಹೋಗುವ ಅವಸರ ಅನ್ನುತ್ತದೆ. ಆಂಡ್ರಾಯ್ಡ್‌ಗೆ ಈ ಸ್ವಭಾವ ಗೊತ್ತಿದ್ದಂತಿದೆ. 10ನೇ ಆವೃತ್ತಿಯಲ್ಲಿ ಬಂದ ಲೋ ಲೇಟೆನ್ಸಿ ಲಾಕ್ ಅನ್ನು (ತಡವಾಗದಂತೆ ವೈಫೈಯನ್ನು ಎಚ್ಚರವಿಡುವ ಏರ್ಪಾಡು) ಆ್ಯಪ್ ಕೇಳಿ ಪಡೆಯಬಹುದು. ಆದರೆ ಸ್ಕ್ರೀನ್ ಆನ್ ಇದ್ದು, ಆ ಆ್ಯಪ್ ಎದುರಿಗೇ ತೆರೆದಿದ್ದರೆ ಮಾತ್ರ ಅದು ಜಾರಿಗೆ ಬರುತ್ತದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಅಂಥ ಏರ್ಪಾಡಿಲ್ಲ. ಹಾಗಾಗಿ ಪಕ್ಕದ ವಿಂಡೋದಲ್ಲಿ ಬಿಡುವಿಲ್ಲದೆ ಪಿಂಗ್ ಓಡಿಸಿ ವೈಫೈಯನ್ನು ಎಬ್ಬಿಸಿಟ್ಟುಕೊಂಡೇ ಟೈಪ್ ಮಾಡುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಪವರ್ ಸೇವಿಂಗ್ ಆನ್ ಎಂದೇ ತೋರಿಸುತ್ತಿರುತ್ತದೆ.