ಫೋನು ಹೇಳಿದ ದಾರಿಯಲ್ಲೇ ಗಾಡಿ ಓಡಿಸಬೇಕೆ?

ಪರ: ಅದು ನನಗೆ ಮರುಪ್ರಶ್ನೆ ಹಾಕುವುದಿಲ್ಲ

ಬ್ಯಾಂಕಿನ ಹಳ್ಳಿ ಶಾಖೆಗಳ ಲೆಕ್ಕ ತಪಾಸಣೆ ನನ್ನ ಕೆಲಸ. ತಿಂಗಳಿನಲ್ಲಿ ಅರ್ಧದಷ್ಟು ದಿನ ಒಬ್ಬಳೇ ಕಾರು ಓಡಿಸಿಕೊಂಡು, ಹಿಂದೆಂದೂ ನೋಡದ ಊರುಗಳಿಗೆ ಹೋಗುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮುಸ್ಸಂಜೆಯ ಹೊತ್ತು ಗಾಜು ಇಳಿಸಿ ದಾರಿ ಕೇಳಿದರೆ, ಉತ್ತರಕ್ಕಿಂತ ಮೊದಲು ಬರುತ್ತಿದ್ದ ಮಾತು: “ಎಲ್ಲಿಂದ ಬಂದಿರಿ ಮೇಡಂ? ಒಬ್ಬರೇ ಬಂದಿದ್ದೀರಾ?” ಕೇಳಿದವರಲ್ಲಿ ಹೆಚ್ಚಿನವರು ಒಳ್ಳೆಯವರೇ. ಆದರೆ ನಾನು ಒಂಟಿಯಾಗಿದ್ದೇನೆ, ಜೊತೆಗೆ ದಾರಿಯೂ ತಪ್ಪಿದೆ ಎಂಬುದನ್ನು ಕತ್ತಲಾಗುವ ಹೊತ್ತಿನಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ತಿರುಗುವ ಆಸೆ ನನಗಿಲ್ಲ. ಫೋನು ತಪ್ಪು ದಾರಿ ತೋರಿಸಿದರೂ ಇದನ್ನು ಕೇಳುವುದಿಲ್ಲ.

ಇನ್ನು ಮನುಷ್ಯರು ಹೇಳುವ ದಾರಿ. “ಮೊದಲು ಅಕ್ಕಿ ಗಿರಣಿ ಇತ್ತಲ್ಲ, ಅಲ್ಲಿ ಎಡಕ್ಕೆ” ಎನ್ನುತ್ತಾರೆ. ಗಿರಣಿ ಕೆಡವಿ ಎಷ್ಟೋ ವರ್ಷವಾಗಿರುತ್ತದೆ. ಊರಿನವರ ಕಣ್ಣಿಗೆ ಮಾತ್ರ ಅದು ಇನ್ನೂ ನಿಂತಿರುತ್ತದೆ. “ಇಲ್ಲೇ, ಒಂದು ಕೂಗಳತೆ” ಎಂದದ್ದನ್ನು ನಂಬಿ ಹೊರಟು ಎಂಟು ಕಿಲೋಮೀಟರ್ ಹೋದದ್ದಿದೆ. ಅಷ್ಟು ದೊಡ್ಡ ಗಂಟಲು ಯಾರದ್ದೋ!

ಈ ಸವಲತ್ತು ಪುಕ್ಕಟೆಯಾಗಿ ಬಂದದ್ದೇನಲ್ಲ. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕವು ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ನೂರು ಮೀಟರಿನಷ್ಟು ಆಚೀಚೆ ಆಗುತ್ತಿದ್ದ ಆ ಲೆಕ್ಕದಲ್ಲಿ ನಮ್ಮ ಬೀದಿ ಯಾವುದು, ಪಕ್ಕದ ಬೀದಿ ಯಾವುದು ಎಂದು ಹೇಳುವುದೇ ಕಷ್ಟ. ಇಂದು ಕೆಲವೇ ಮೀಟರುಗಳ ವ್ಯತ್ಯಾಸವಾದರೂ ಬೆಂಗಳೂರಿನ ಮೇಲ್ಸೇತುವೆಗಳ ಬಳಿ ಅದು ಎಡವುತ್ತದೆ, ಒಪ್ಪುತ್ತೇನೆ. ಸೇತುವೆಯೂ ಅದರ ಕೆಳಗಿನ ರಸ್ತೆಯೂ ನಕ್ಷೆಯಲ್ಲಿ ಒಂದರ ಮೇಲೊಂದು ಕೂತಿರುತ್ತವೆ, ಎತ್ತರವನ್ನು ಗುರುತಿಸುವುದರಲ್ಲಿ ಉಪಗ್ರಹದ ಲೆಕ್ಕ ಇನ್ನೂ ಸಡಿಲ. ನಾನು ಸೇತುವೆಯ ಮೇಲಿದ್ದಾಗ ಕೆಳಗಿನ ವೃತ್ತದಲ್ಲಿ ಬಲಕ್ಕೆ ತಿರುಗೆಂದು ಅದು ಹೇಳಿದ್ದಿದೆ. ತಿರುಗಲಿಲ್ಲ, ಅಷ್ಟೆ.

2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಕಾರೊಂದು ತುಂಡಾದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಎಲ್ಲರೂ ನಕ್ಷೆಯನ್ನು ಬೈದರು. ಪ್ರವಾಹದಲ್ಲಿ ಕೊಚ್ಚಿಹೋದ ಸೇತುವೆಗೆ ದಾಟಲಾಗದಂತೆ ಗಟ್ಟಿ ತಡೆಯೊಂದನ್ನು ಕಟ್ಟಬೇಕಾದವರು ಯಾರು? ರಾತ್ರೋರಾತ್ರಿ ಏಕಮುಖವಾಗುವ ರಸ್ತೆಗಳು, ಫಲಕವಿಲ್ಲದೆ ಅಗೆದ ಗುಂಡಿಗಳು, ಇವುಗಳ ಪಾಪವನ್ನೆಲ್ಲ ಫೋನಿನ ತಲೆಗೆ ಕಟ್ಟುವುದು ನಮ್ಮ ಇಲಾಖೆಗಳಿಗೆ ಬಹಳ ಅನುಕೂಲ.

ವಿರೋಧ: ಉದ್ದ ಗೊತ್ತು, ಗುಣ ಗೊತ್ತಿಲ್ಲ

ಮೂಡಿಗೆರೆ ಕಡೆಯವನು ನಾನು. ಮೂವತ್ತು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ಒಂಟಿ ಹೆಣ್ಣುಮಗಳಿಗೆ ಫೋನು ಆಸರೆ ಎಂಬ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಅದು ನಿಜ. ನನ್ನ ತಕರಾರು ಬೇರೆ.

1956ರಲ್ಲಿ ಡೈಕ್‌ಸ್ಟ್ರಾ ಎಂಬ ಡಚ್ ಗಣಿತಜ್ಞ ಆಮ್‌ಸ್ಟರ್‌ಡ್ಯಾಮಿನ ಒಂದು ಕಾಫಿ ಹೋಟೆಲಿನಲ್ಲಿ ಕೂತು, ಕಾಗದ ಪೆನ್ಸಿಲ್ ಮುಟ್ಟದೆ, ಇಪ್ಪತ್ತು ನಿಮಿಷದಲ್ಲಿ ಅತಿ ಹತ್ತಿರದ ದಾರಿ ಹುಡುಕುವ ಸೂತ್ರವನ್ನು ಯೋಚಿಸಿದನಂತೆ. ಎಂಜಿನಿಯರಿಂಗ್ ಓದುವ ಮಗ ಹೇಳಿದ್ದು. ದಾರಿ ಹುಡುಕುವ ತಂತ್ರಾಂಶಗಳ ಬೇರು ಆ ಸೂತ್ರದಲ್ಲಿದೆಯಂತೆ. ಪ್ರತಿ ರಸ್ತೆಗೂ ಒಂದು ತೂಕ ಕೊಟ್ಟರೆ, ಎಲ್ಲಕ್ಕಿಂತ ಹಗುರವಾದ ದಾರಿಯನ್ನು ಅದು ಆರಿಸುತ್ತದೆ. ಸೂತ್ರದಲ್ಲಿ ತಪ್ಪಿಲ್ಲ. ಆದರೆ ಆ ತೂಕ ಹಾಕುವವರು ಯಾರು? ಹಾಲಂಡಿನಲ್ಲಿ ಚಾರ್ಮಾಡಿ ಘಾಟಿ ಇಲ್ಲ. ಕೊಟ್ಟಿಗೆಹಾರದಿಂದ ಇಳಿಯುವಾಗ ಜುಲೈ ತಿಂಗಳ ಮಂಜಿಗೆ ಎಷ್ಟು ತೂಕ? ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಹಿಂದಿನ ಸೀಟಿನ ಅಜ್ಜಿಗೆ ವಾಂತಿಯಾದರೆ ಅದಕ್ಕೆ?

ಒಮ್ಮೆ ಬೆಂಗಳೂರಿನಿಂದ ಬಂದ ಕುಟುಂಬವೊಂದು ನಾಲ್ಕು ಕಿಲೋಮೀಟರ್ ಉಳಿಯುತ್ತದೆ ಎಂದು ಫೋನಿನ ಮಾತು ಕೇಳಿ ಕಾಫಿ ತೋಟದ ದಾರಿಗೆ ಇಳಿಯಿತು. ಉಪಗ್ರಹದಿಂದ ನೋಡಿದರೆ ಅದೂ ರಸ್ತೆಯೇ. ಕೆಳಗೆ ಇದ್ದದ್ದು ಗೊಬ್ಬರದ ಟ್ರ್ಯಾಕ್ಟರ್ ಓಡಾಡಿ ಬಿದ್ದ ಎರಡು ಹಳ್ಳ, ನಡುವೆ ಹುಲ್ಲು, ಕೊನೆಗೆ ಬೀಗ ಹಾಕಿದ ಗೇಟು. ಹಿಂದೆ ತಿರುಗಿಸಲು ಜಾಗವಿಲ್ಲ. ಮೊಬೈಲ್ ಸಿಗ್ನಲ್ ಹೋಗಿತ್ತು. ಇಲ್ಲಿ ಒಂದು ಸಂಗತಿಯನ್ನು ಜನ ಗಮನಿಸುವುದಿಲ್ಲ. ನಾವು ಎಲ್ಲಿದ್ದೇವೆ ಎಂದು ಹೇಳುವುದು ಉಪಗ್ರಹ, ಅದಕ್ಕೆ ಸಿಗ್ನಲ್ ಬೇಡ. ಆದರೆ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳದಿದ್ದರೆ ಅದು ಇಂಟರ್ನೆಟ್ಟಿನಿಂದಲೇ ಬರಬೇಕು. ಆದ್ದರಿಂದ ಅವರ ಪರದೆಯ ಮೇಲೆ ನೀಲಿ ಚುಕ್ಕೆ ಸರಿಯಾಗಿಯೇ ಹೊಳೆಯುತ್ತಿತ್ತು, ಸುತ್ತ ಬರೀ ಬೂದು ಬಣ್ಣ. ಆಳುಗಳು ಬಂದು ತಳ್ಳುವ ಹೊತ್ತಿಗೆ ಕ್ಲಚ್ಚಿನ ಸುಟ್ಟ ವಾಸನೆ ತೋಟಕ್ಕೆಲ್ಲ ಹರಡಿತ್ತು.

ಊರ ಹೆಸರಿನ ಗೋಳು ಬೇರೆ. ಹೊಸಹಳ್ಳಿ ಎಂದು ಒತ್ತಿದರೆ ಯಾವ ಹೊಸಹಳ್ಳಿ? ತಾಲ್ಲೂಕಿಗೊಂದು ಸಿಗುತ್ತದೆ. ಮನುಷ್ಯನಾದರೆ “ಯಾರ ಮನೆಗೆ?” ಎಂದು ಕೇಳುತ್ತಾನೆ. ಮೇಲಿನ ಮೇಡಂ ದೂರಿದ ಅದೇ ಮರುಪ್ರಶ್ನೆಯಿಂದ ನಾನು ಎಷ್ಟೋ ಸಲ ಬಚಾವಾಗಿದ್ದೇನೆ.

ನಾನೂ ಮೋಸ ಹೋದವನೇ. ಗಿರಾಕಿಗಳನ್ನು ಕೂರಿಸಿಕೊಂಡು ವಯನಾಡಿಗೆ ಹೊರಟಿದ್ದೆ. ಮೈಸೂರಿನಲ್ಲಿ ಊಟಕ್ಕೆ ತಡವಾಯಿತು. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಆಂಬುಲೆನ್ಸಿಗೆ ಮತ್ತು ಕೆಲವು ಬಸ್ಸುಗಳಿಗೆ ಮಾತ್ರ ಬಿಡುವು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಪರದೆಯ ಮೇಲೆ ಉದ್ದಕ್ಕೂ ನೀಲಿ ಗೆರೆ, ಜೊತೆಗೆ ತಲುಪುವ ಹೊತ್ತು ನಿಮಿಷದ ಲೆಕ್ಕದಲ್ಲಿ. ಅದನ್ನು ನೋಡುತ್ತ ನೋಡುತ್ತ ಗಡಿಯಾರ ನೋಡುವುದನ್ನೇ ಮರೆತೆ. ಗುಂಡ್ಲುಪೇಟೆ ದಾಟಿ ಮದ್ದೂರಿನ ಚೆಕ್‌ಪೋಸ್ಟಿಗೆ ಬರುವಷ್ಟರಲ್ಲಿ ಗೇಟು ಬಿದ್ದು ಹತ್ತು ನಿಮಿಷವಾಗಿತ್ತು. ಅಲ್ಲಿದ್ದ ಅರಣ್ಯ ಸಿಬ್ಬಂದಿ ನನ್ನ ಬಿಳಿ ಕೂದಲು ನೋಡಿ, “ನಿಮಗೂ ಫೋನು ಬೇಕಾಯಿತೇ ಯಜಮಾನರೇ?” ಎಂದು ನಕ್ಕ.

ಗಾಡಿ ತಿರುಗಿಸಿ ಮತ್ತೆ ಮೈಸೂರು, ಅಲ್ಲಿಂದ ಹುಣಸೂರು, ಗೋಣಿಕೊಪ್ಪ, ಕುಟ್ಟದ ಸುತ್ತು ದಾರಿ ಹಿಡಿದೆ. ಗುಂಡ್ಲುಪೇಟೆ ಬರುವವರೆಗೂ ಫೋನು ಯು-ಟರ್ನ್ ತೆಗೆದುಕೊಳ್ಳಿ ಎಂದು ಹೇಳುತ್ತಲೇ ಇತ್ತು. ಆಮೇಲೆ ಹಿಂದಿನ ಸೀಟಿನವರೇ ಅದನ್ನು ಆರಿಸಿದರು.