ರಿಸರ್ವ್‌ಗೆ ಬಿದ್ದ ಸ್ವಾತಂತ್ರ್ಯ

ಹಳೇ ಗೆಳೆಯರು ಸೇರಿದಾಗ ಗಮನಿಸಿ. "ಅವತ್ತು ಸರಿಯಾದ ಹೊತ್ತಿಗೆ ಬಸ್ಸು ಸಿಕ್ಕಿ, ಬೇಗ ಮನೆ ಸೇರಿ, ಊಟ ಮಾಡಿ ಮಲಗಿದ್ವಲ್ಲ, ನೆನಪಿದೆಯಾ?" ಅಂತ ಯಾರೂ ಕೇಳುವುದಿಲ್ಲ. ಎಡವಟ್ಟಾದ ದಿನಗಳಿಗೇ ಬೆಲೆ.

ಮನಶ್ಶಾಸ್ತ್ರದವರು ಇದರ ಹಿಂದೆ ಬಿದ್ದಿದ್ದಾರೆ. ನಲವತ್ತು ದಾಟಿದವರನ್ನು ಹಳೆಯ ನೆನಪು ಹೇಳಿ ಎಂದರೆ, 10ರಿಂದ 30ರ ವಯಸ್ಸಿನ ನಡುವಿನವೇ ಜಾಸ್ತಿ ಬರುತ್ತವಂತೆ. ಆ ವಯಸ್ಸಲ್ಲಿ ಎಷ್ಟೋ ಸಂಗತಿ ಮೊದಲ ಸಲ ಆಗುತ್ತವಲ್ಲ, ಅದೂ ಒಂದು ಕಾರಣವಂತೆ. ನನಗಂತೂ ನಿನ್ನೆ ಕನ್ನಡಕ ಎಲ್ಲಿಟ್ಟೆ ಎನ್ನುವುದು ನೆನಪಿಲ್ಲ. ಮೊದಲ ಬಾಡಿಗೆ ರೂಮಿನ ಬಾಗಿಲನ್ನು ಎಷ್ಟು ಎತ್ತಿ ಎಲ್ಲಿ ಒದ್ದರೆ ತೆರೆಯುತ್ತಿತ್ತು ಎನ್ನುವುದು ಮಾತ್ರ ಕಾಲಿಗೆ ಇವತ್ತಿಗೂ ಗೊತ್ತು.

ಆ ರೂಮಿನಲ್ಲಿ ಮೂವರಿದ್ದೆವು. ಯಾವಾಗ ಬೇಕಾದರೂ ಏಳಬಹುದು, ಎಲ್ಲಿಗೆ ಬೇಕಾದರೂ ಹೋಗಬಹುದು, "ಎಲ್ಲಿಗೋ?" ಅನ್ನುವವರಿಲ್ಲ. ಮನೆಯಲ್ಲಿ ಟವೆಲ್ಲು ತಾನೇ ಒಗೆದುಕೊಂಡು, ತಾನೇ ಮಡಚಿಕೊಂಡು ಕಪಾಟು ಸೇರುತ್ತಿರಲಿಲ್ಲ ಎಂಬ ಸತ್ಯ ಗೊತ್ತಾಗಲು ಜಾಸ್ತಿ ದಿನ ಬೇಕಾಗಲಿಲ್ಲ. ನಮ್ಮಲ್ಲಿ ಒಬ್ಬ ಮೂವರ ಬಟ್ಟೆಯನ್ನೂ ಒಂದೇ ಬಕೆಟ್ಟಿನಲ್ಲಿ, ಕುದಿಯುವ ನೀರಿನಲ್ಲಿ ನೆನೆಸಿದ. ಜೊತೆಗೆ ತನ್ನ ಹೊಸ ಕೆಂಪು ಶರ್ಟನ್ನೂ ಸೇರಿಸಿದ. ಹೊಸ ಬಟ್ಟೆಯಲ್ಲಿ ನೂಲಿಗೆ ಹತ್ತದೆ ಉಳಿದ ಬಣ್ಣ ಇರುತ್ತದೆ, ಬಿಸಿನೀರು ಸಿಕ್ಕರೆ ಬೇಗ ಬಿಡುತ್ತದೆ. ಆಮೇಲೆ ಎಷ್ಟೋ ವಾರ ಮೂವರೂ ಗುಲಾಬಿ ಬನಿಯನ್ನಿನಲ್ಲಿ ಓಡಾಡಿದೆವು. ನೋಡಿದವರು ಯಾವುದೋ ತಂಡದವರು ಅಂದುಕೊಂಡರು.

ಹಾಲಿನದು ಬೇರೆಯೇ ಕತೆ. ಬಿಸಿಯಾದಾಗ ಮೇಲೆ ಪ್ರೋಟೀನು, ಕೊಬ್ಬು ಸೇರಿ ಕೆನೆಯ ಪರದೆ ಕಟ್ಟುತ್ತದೆ, ಅದರಡಿ ಸಿಕ್ಕಿಕೊಂಡ ಹಬೆ ಎಲ್ಲವನ್ನೂ ಮೇಲಕ್ಕೆ ನೂಕುತ್ತದೆ. ಇಷ್ಟು ವಿಜ್ಞಾನ ನಮಗೆ ಆಗಲೇ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆಯಬಲ್ಲೆವು. ಸ್ಟವ್ ಒರೆಸುವ ಪಾಳಿ ಯಾರದು ಎಂಬುದು ಮಾತ್ರ ಕೊನೆಯವರೆಗೂ ತೀರ್ಮಾನ ಆಗಲಿಲ್ಲ.

ನಿಜವಾದ ಸಾಹಸ ಒಂದು ನಡುರಾತ್ರಿ ಶುರುವಾಯಿತು. ದೂರದ ಬೆಟ್ಟದ ಮೇಲೆ ಸೂರ್ಯೋದಯ ನೋಡಬೇಕು ಅಂತ ಒಬ್ಬನಿಗೆ ಹೊಳೆಯಿತು. ಒಬ್ಬೊಬ್ಬರೇ ಇದ್ದಿದ್ದರೆ ಹೊದ್ದು ಮಲಗುತ್ತಿದ್ದೆವು. ಮೂವರಿದ್ದೆವಲ್ಲ, ಹೊರಟೇಬಿಟ್ಟೆವು. ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಮಾರ್ಗೊ ಗಾರ್ಡ್ನರ್ ಜೊತೆ ಸೇರಿ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾರು ಓಡಿಸುವ ವಿಡಿಯೊ ಆಟದಲ್ಲಿ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ಗೆಳೆಯರು ಪಕ್ಕದಲ್ಲಿದ್ದಾಗ ಜಾಸ್ತಿ ಅಪಾಯಕ್ಕೆ ಕೈ ಹಾಕಿದರಂತೆ. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲವಂತೆ. ನಮ್ಮ ರೂಮಿಗೆ ಬಂದಿದ್ದರೆ ಆಟದ ಖರ್ಚೂ ಉಳಿಯುತ್ತಿತ್ತು.

ಎರಡು ಬೈಕು ಸಾಲ ತಂದೆವು. ಒಂದರ ಯಜಮಾನ ಕೀ ಕೊಡುತ್ತಾ, "ಪೆಟ್ರೋಲ್ ಖಾಲಿಯಾದ್ರೆ ರಿಸರ್ವ್ ಇದೆ ಬಿಡ್ರೋ" ಅಂದ. ಹಳೆಯ ಬೈಕುಗಳಲ್ಲಿ ರಿಸರ್ವ್‌ಗೆ ಬೇರೆ ಟ್ಯಾಂಕ್ ಇರುವುದಿಲ್ಲ. ಇರುವ ಒಂದೇ ಟ್ಯಾಂಕಿನೊಳಗೆ ಎತ್ತರದ ಕೊಳವೆಯೊಂದು, ತಳದ ಹತ್ತಿರ ಇನ್ನೊಂದು ತೂತು. ಪೆಟ್ರೋಲ್ ಎತ್ತರದ ಕೊಳವೆಯ ಬಾಯಿಗಿಂತ ಕೆಳಗಿಳಿದರೆ ಇಂಜಿನ್ ಕೆಮ್ಮುತ್ತದೆ. ಆಗ ನಾಬ್ ತಿರುಗಿಸಿದರೆ ತಳದಲ್ಲಿ ಉಳಿದದ್ದು ಸಿಗುತ್ತದೆ. ಊರಿಲ್ಲದ ಕಡೆ, ಕತ್ತಲೆಯಲ್ಲಿ, ಇಂಜಿನ್ ಕೆಮ್ಮಿತು. ಬಹಳ ಅನುಭವಸ್ಥನಂತೆ ಕೈ ಕೆಳಗಿಟ್ಟು ನಾಬ್ ಹುಡುಕಿದೆ. ಅದು ಆಗಲೇ ರಿಸರ್ವ್‌ನಲ್ಲಿತ್ತು. ಪುಣ್ಯಾತ್ಮ ಯಾವಾಗ ತಿರುಗಿಸಿ ಮರೆತಿದ್ದನೋ!

ಇನ್ನೊಂದು ಬೈಕಿನವನು ಬಂಕ್ ಹುಡುಕಿಕೊಂಡು ಹೋದ. ಉಳಿದ ಇಬ್ಬರು ತಳ್ಳಿದೆವು. ಏರಿನಲ್ಲಿ ತಳ್ಳುವಾಗ ಬೈಕಿಗೆ ಎಷ್ಟು ತೂಕ ಇದೆ ಅಂತ ಸರಿಯಾಗಿ ತಿಳಿಯುತ್ತದೆ. ಇಳಿಜಾರು ಬಂದಾಗ ಇಬ್ಬರೂ ಹತ್ತಿ ಕೂತು, ಸದ್ದಿಲ್ಲದೆ ಜಾರಿದೆವು. ನಾಯಿಗಳಿಗೂ ನಾವು ಬಂದದ್ದು ತಡವಾಗಿ ಗೊತ್ತಾಯಿತು. ಗೊತ್ತಾದ ಮೇಲೆ ಮಾತ್ರ ಮುಂದಿನ ಏರನ್ನು ಓಡುತ್ತಲೇ ಹತ್ತಿಸಿದೆವು.

ಕೊನೆಗೂ ಬೆಳಕು ಹರಿಯುವ ಮೊದಲು ಬೆಟ್ಟದ ಮೇಲಿದ್ದೆವು. ಕಣಿವೆಯ ಕಡೆ ಮುಖ ಮಾಡಿ, ಒಳ್ಳೆಯ ಬಂಡೆ ನೋಡಿ ಕೂತೆವು. ಆಕಾಶ ಬೆಳ್ಳಗಾಯಿತು. ಸೂರ್ಯನ ಸುಳಿವಿಲ್ಲ. ಮೋಡ ಇರಬೇಕು ಅಂದ ಒಬ್ಬ. ಇನ್ನೂ ಸಮಯ ಇದೆ ಅಂದ ಇನ್ನೊಬ್ಬ. ಬೆನ್ನು ಬೆಚ್ಚಗಾಗತೊಡಗಿದ ಮೇಲೆ ಯಾರೋ ತಿರುಗಿ ನೋಡಿದರು. ಸೂರ್ಯ ಹುಟ್ಟಿ, ಪಕ್ಕದ ಗುಡ್ಡ ದಾಟಿ, ತನ್ನ ಕೆಲಸಕ್ಕೆ ಹೊರಟಾಗಿತ್ತು.

ಮನೆಗೆ ಫೋನ್ ಮಾಡಿದಾಗ "ಎಲ್ಲಾ ಚೆನ್ನಾಗಿದೆ, ಸುಮ್ನೆ ಓದ್ತಾ ಇದೀವಿ" ಎಂದಿದ್ದಾಯಿತು. ಅಮ್ಮ "ಗಂಟಲು ಯಾಕೆ ಕಟ್ಟಿದೆ?" ಅಂದರು. ಇಬ್ಬನಿಯಲ್ಲಿ ಕೂತು ಓದಿದ್ದಕ್ಕೆ ಅಂತ ಹೇಳಲಾಗುವುದಿಲ್ಲವಲ್ಲ.

ಈಚೆಗೆ ಆ ಗೆಳೆಯರಲ್ಲಿ ಒಬ್ಬನ ಮನೆಗೆ ಹೋಗಿದ್ದೆ. ಅವನ ಮಗ ಸ್ನೇಹಿತರ ಜೊತೆ ರಾತ್ರಿ ಬೈಕಿನಲ್ಲಿ ಹೋಗುತ್ತೇನೆ ಅಂತ ಕೇಳುತ್ತಿದ್ದ. ಅಪ್ಪ ಟೈರು ನೋಡಿದ, ಹೆಲ್ಮೆಟ್ ನೋಡಿದ, ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೂ ನೋಡಿದ. ಆಮೇಲೆ ಬೇಡ ಅಂದ. "ನಾವೆಲ್ಲ ನಿನ್ನ ವಯಸ್ಸಲ್ಲಿ ಹೀಗೆ ಹೇಳದೆ ಕೇಳದೆ ರಾತ್ರಿ ಹೊತ್ತು ಅಲೀತಿದ್ವಾ? ಕೇಳು ಅಂಕಲ್‌ನ!"

ಹುಡುಗ ನನ್ನ ಕಡೆ ತಿರುಗಿದ. ಹೌದು ಅಂತಲೂ ಅಲ್ಲ ಅಂತಲೂ ಕಾಣುವ ಹಾಗೆ ತಲೆ ಆಡಿಸಿ, "ಪೆಟ್ರೋಲ್ ಹಾಕಿಸ್ಕೊಂಡೇ ಹೋಗಪ್ಪ" ಅಂದೆ.